ಭಾವ ಊದುವುದು ಏನನ್ನು?

ನಮ್ಮ ಭಾವ ಏನು ನುಡಿಸುತ್ತಾರೆ ಅನ್ನುವುದು ಶಿಕಾರಿಪುರ ತಾಲ್ಲೂಕಿನಲ್ಲಿ ಯಾರಿಗೂ ಗೊತ್ತಿಲ್ಲ. ಸೊರಬ ತಾಲ್ಲೂಕಿನವರು ಇನ್ನೂ ಜಾಣರು, ಅವರು ಕೇಳುವುದನ್ನೇ ಬಿಟ್ಟಿದ್ದಾರೆ! ಅವರ ಸಂಗೀತ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ನಡುವೆ ಕೆಮ್ಮಿದ್ದು ಸಂಗೀತಕ್ಕೆ ಸೇರಿದ್ದೋ ಗಂಟಲಿಗೆ ಸೇರಿದ್ದೋ, ಒಂದೂ ತಿಳಿಯುವುದಿಲ್ಲ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಎಡಗಡೆ ಇಷ್ಟು ಹಾಕಿದರೆ ಬಲಗಡೆ ಇಷ್ಟು ಬರಬೇಕು ಅನ್ನುವ ಜಾತಿ. ನನ್ನಂಥವಳಿಗೆ ಇಂಥ ಭಾವನನ್ನು ಕೊಟ್ಟ ದೇವರಿಗೆ ಏನನ್ನೋಣ? ನಮ್ಮೂರಿನ ದೇವರೇ ಹುಚ್ಚರಾಯಸ್ವಾಮಿ. ಇಲ್ಲಿ ಯಾರನ್ನಾದರೂ ಹುಚ್ಚ ಅಂದರೆ ಅರ್ಧ ಬೈದ ಹಾಗೆ, ಅರ್ಧ ಕೈಮುಗಿದ ಹಾಗೆ. ಭಾವನನ್ನು ನಾವು ಹಾಗೇ ನಡೆಸಿಕೊಂಡು ಬಂದಿದ್ದೇವೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಸೊರಬದವರು. ಶಿವಮೊಗ್ಗದಲ್ಲಿ ಬಿ.ಕಾಂ. ಓದಲು ಹೋದವರು ಅಲ್ಲೊಂದು ಮದುವೆ ಮೆರವಣಿಗೆಯಲ್ಲಿ ಬ್ಯಾಂಡ್‌ಸೆಟ್ಟಿನವನೊಬ್ಬ ಸ್ಯಾಕ್ಸೋಫೋನ್ ಊದುವುದನ್ನು ಕೇಳಿ, ಯಾರ ಮದುವೆ ಅಂತಲೂ ವಿಚಾರಿಸದೆ ಛತ್ರದವರೆಗೆ ಹಿಂದೆ ಹೋದರಂತೆ. ಊಟವನ್ನೂ ಮಾಡಿದರಂತೆ. ಅಲ್ಲಿಗೆ ಬಿ.ಕಾಂ. ಮುಗಿಯಿತು. ಆ ಬ್ಯಾಂಡಿನ ಮೇಷ್ಟ್ರ ಹತ್ತಿರ ಒಂದಷ್ಟು ಕಲಿತು, ಮುಂಬಯಿಗೆ ಹೋಗಿ, ಯಾವುದೋ ಹೋಟೆಲಿನಲ್ಲಿ ಗೋವಾದ ಮುದುಕರೊಬ್ಬರ ಕೈಗೆ ಸಿಕ್ಕಿ ಜಾಝ್ ಕಲಿತರು. ಆಮೇಲೆ ಪ್ರವಾಸಿಗರ ಹಡಗು ಹತ್ತಿದರು. ಹಡಗಿನವರು ಉಂಡು ಕುಣಿಯುವಾಗ ಇವರು ಊದಬೇಕು, ಅದು ನೌಕರಿ.

ಹೆಣ್ಣು ನೋಡಲು ಬಂದಾಗ ನಮ್ಮಪ್ಪ ಕೇಳಿದರು, "ಏನು ಕೆಲಸ ಮಾಡ್ತೀರಪ್ಪ?"

"ಜಾಝ್" ಅಂದರು ಭಾವ.

ಕಂದಾಯ ಇಲಾಖೆಯಲ್ಲಿ ಜೀವ ಸವೆಸಿದ ನಮ್ಮಪ್ಪನಿಗೆ ಪಹಣಿ, ಹಿಸ್ಸೆ, ಜಮಾಬಂದಿ ಅನ್ನುವ ಮಾತುಗಳು ಬಾಯಿಪಾಠ. ಅವರ ಕಿವಿಗೆ 'ಜಾಝ್' ಬೀಳಲಿಲ್ಲ, 'ಜಹಾಜು' ಬಿತ್ತು!

"ಓಹೋ, ಜಹಾಜಿನಲ್ಲಿ!"

"ಹೌದು, ಜಹಾಜಿನಲ್ಲೇ" ಅಂದರು ಭಾವ. ಪಾಪ, ಅದೂ ನಿಜವೇ ತಾನೆ?

ಅಳಿಯ ಹಡಗಿನ ಅಧಿಕಾರಿ ಅಂತ ಅಪ್ಪ ಊರೆಲ್ಲ ಹೇಳಿಕೊಂಡು ಬಂದರು. ಮದುವೆಯಾದ ವಾರಕ್ಕೆ ಅಳಿಯಂದಿರು ಕಪ್ಪು ಪೆಟ್ಟಿಗೆ ತೆರೆದು, ಹಿತ್ತಾಳೆಯ ಆನೆಸೊಂಡಿಲಿನಂಥದ್ದನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಹಜಾರದಲ್ಲಿ ನಿಂತರು. ಅಪ್ಪ ಕೊನೆಯವರೆಗೂ ಕೇಳಿದರು. ಕೊನೆ ಯಾವುದು ಅಂತ ಗೊತ್ತಾಗದೆ, ಆಮೇಲೂ ಸ್ವಲ್ಪ ಹೊತ್ತು ಕೂತರು. ಕಡೆಗೆ ಎದ್ದು ಒಳಗೆ ಬಂದು ಅಮ್ಮನಿಗೆ ಹೇಳಿದರು: "ಹಾಡೇನೋ ಇದೆ ಕಣೇ. ಆದರೆ ಚೆಕ್ಕುಬಂದಿ ಇಲ್ಲ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ಏನೂ ಇಲ್ಲ. ಸಿಕ್ಕಸಿಕ್ಕ ಕಡೆ ಒತ್ತುವರಿ!"

ಜಾಝ್ ಬಗ್ಗೆ ನಾನು ಆಮೇಲೆ ಎಲ್ಲೆಲ್ಲೋ ಓದಿದ್ದೇನೆ. ಅಪ್ಪನಷ್ಟು ಸ್ಪಷ್ಟವಾಗಿ ಯಾರೂ ಹೇಳಿಲ್ಲ.

ಕೆಲವು ವರ್ಷಕ್ಕೆ ಹಡಗಿನವರು ಬ್ಯಾಂಡನ್ನು ಇಳಿಸಿ ಅದರ ಜಾಗಕ್ಕೆ ಒಂದು ಯಂತ್ರ ಇಟ್ಟರು. ಭಾವ ಶಿಕಾರಿಪುರಕ್ಕೆ ಬಂದರು. ಅಕ್ಕ ಇಲ್ಲೇ ಪ್ರೌಢಶಾಲೆಯಲ್ಲಿ ಗಣಿತದ ಟೀಚರು. "ಇನ್ನೇನು ಮಾಡ್ತೀರಿ?" ಅಂತ ಕೇಳಿದಳು. "ಊದ್ತೀನಿ" ಅಂದರು. "ಅದು ಗೊತ್ತು. ಅದು ಬಿಟ್ಟು?" ಭಾವ ಬಹಳ ಹೊತ್ತು ಯೋಚಿಸಿದರು. "ಅದು ಬಿಟ್ಟರೆ… ಉಸಿರು ತಗೊಳ್ತೀನಿ."

ಅವರು ಊರಿಗೆ ಬಂದ ವರ್ಷವೇ ನನ್ನ ಮದುವೆ. ನಾದಿನಿಯ ಮದುವೆಗೆ ವಾಲಗದವರ ಜೊತೆ ತಾವೂ ನುಡಿಸುತ್ತೇನೆ ಅಂದರು. ಬೇಡ ಅನ್ನಲು ಯಾರಿಗೆ ಧೈರ್ಯ? ಮನೆಯ ಹಿರೇ ಅಳಿಯ! ಮುಹೂರ್ತ ಬಂತು. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದರು. ಡೋಲು ಬಡಿಯಿತು, ವಾಲಗ ಏರಿತು, ಭಾವನೂ ಏರಿದರು. ವಾಲಗದವರು ಇಳಿದರು, ಭಾವ ಇಳಿಯಲಿಲ್ಲ. ಇನ್ನೂ ಮುಗಿದಿಲ್ಲವೇನೋ ಅಂತ ಡೋಲಿನವನು ಮತ್ತೆ ಶುರು ಮಾಡಿದ. ಜನ ಅಕ್ಷತೆ ಎಸೆದರು. ಭಾವ ಇನ್ನೊಂದು ದಿಕ್ಕಿಗೆ ತಿರುಗಿದರು. ಈಗಿನದು ನಿಜವಾದ ಗಟ್ಟಿಮೇಳ, ಹಿಂದಿನದು ತಾಲೀಮು ಅಂದುಕೊಂಡು ಜನ ಮತ್ತೆ ಎಸೆದರು. ತಾಳಿ ಹಿಡಿದು ನಿಂತಿದ್ದ ನಮ್ಮ ಯಜಮಾನರು ಪುರೋಹಿತರನ್ನು ನೋಡಿದರು, ಪುರೋಹಿತರು ಭಾವನನ್ನು ನೋಡಿದರು, ಭಾವ ಕಣ್ಣು ಮುಚ್ಚಿದ್ದರು! ಅಕ್ಷತೆ ತೀರಿಹೋಗಿ, ಅಡಿಗೆಮನೆಯಿಂದ ಬರೀ ಅಕ್ಕಿ ತರಿಸಿದರು. ನನ್ನ ಮದುವೆ ಯಾವ ಗಳಿಗೆಯಲ್ಲಿ ಆಯಿತು ಅಂತ ನನಗೆ ಇವತ್ತಿಗೂ ತಿಳಿಯದು. ಮನೆಯಲ್ಲಿ ಜಗಳವಾದಾಗಲೆಲ್ಲ ನಮ್ಮ ಯಜಮಾನರು, "ಆಗಿದ್ದು ಗ್ಯಾರಂಟಿ ಏನು?" ಅನ್ನುತ್ತಾರೆ.

ಹೀಗೆ ಹೆಸರು ಮಾಡಿದವರು ಸುಮ್ಮನಿರುತ್ತಾರೆಯೇ? ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಹಿಡಿದು ಸಂಗೀತ ಶಾಲೆ ತೆರೆದರು. ಬೋರ್ಡು ಬರೆಯುವವನಿಗೆ 'ಝ' ಅಕ್ಷರದ ಅಭ್ಯಾಸ ತಪ್ಪಿತ್ತು. ಅಷ್ಟಲ್ಲದೆ ಭಾವನ ವಿವರಣೆ ಬೇರೆ. ಕಡೆಗೆ ಅವನು ತನಗೆ ತಿಳಿದ ಹಾಗೆ ತಿದ್ದಿ, 'ಜಾಜಿ ಸಂಗೀತ ಶಾಲೆ' ಅಂತ ಬರೆದು, ಮೂಲೆಯಲ್ಲೊಂದು ಚೆಂದದ ಹೂವನ್ನೂ ಬಿಡಿಸಿಟ್ಟ. ಮೊದಲ ದಿನ ಮೆಟ್ಟಿಲು ಹತ್ತಿ ಬಂದ ಹೆಂಗಸು ಕೇಳಿದ್ದು, "ಮೊಳ ಎಷ್ಟ್ರೀ?"

ಭಾವ ಬೋರ್ಡು ಬದಲಾಯಿಸಲಿಲ್ಲ. "ಹೂವು ಅಂತ ಬಂದವರು ಒಂದು ಹಾಡು ಕೇಳಿ ಹೋಗ್ತಾರೆ, ನಷ್ಟ ಏನು?" ಅಂದರು. ಕೇಳಿದವರಿಗೆ ಏನು ನಷ್ಟವಾಯಿತು ಅಂತ ಅವರು ವಿಚಾರಿಸಲಿಲ್ಲ.

ನಿಧಾನಕ್ಕೆ ವಿದ್ಯಾರ್ಥಿಗಳು ಬಂದರು. ಪಶು ಆಸ್ಪತ್ರೆಯ ಕಾಂಪೌಂಡರು, ಒಬ್ಬ ಟೈಲರು, ಕಾಲೇಜಿನ ಇಬ್ಬರು ಹುಡುಗಿಯರು. ಗುರುವಾರ ಗುರುವಾರ ಬಸ್ಸು ಹತ್ತಿ ಸೊರಬಕ್ಕೆ ಹೋಗಿ ಅಲ್ಲಿಯೂ ಪಾಠ. ತಾಯಿತಂದೆಯರು ಕೇಳುವುದು ಒಂದೇ: "ಸರ್, ಜೂನಿಯರ್ ಪರೀಕ್ಷೆಗೆ ಯಾವಾಗ ಕೂರಿಸ್ತೀರಿ?"

"ಇದರಲ್ಲಿ ಪರೀಕ್ಷೆ ಇಲ್ಲ."

"ಮತ್ತೆ ಬಂತು ಅಂತ ಹೆಂಗೆ ಗೊತ್ತಾಗ್ತದೆ?"

"ಗೊತ್ತಾಗಲ್ಲ" ಅಂದರು ಭಾವ, ಬಹಳ ಸಂತೋಷದಿಂದ.

ಇನ್ನು ಅಭ್ಯಾಸ. ಮನೆಯಲ್ಲಿ ಊದಿದರೆ ಅಕ್ಕ ಸುಮ್ಮನಿರುವುದಿಲ್ಲ. "ರೀ, ನಾನು ಪೇಪರ್ ತಿದ್ತಾ ಇದ್ದೀನಿ. ನೀವು ಊದೋದು ಕೇಳ್ತಾ ಕೇಳ್ತಾ ತಪ್ಪು ಲೆಕ್ಕಕ್ಕೆಲ್ಲ ಮಾರ್ಕ್ಸು ಕೊಟ್ಟುಬಿಟ್ಟಿದೀನಿ!" ಅಂತ ಕೆಂಪು ಪೆನ್ನು ಹಿಡಿದೇ ಹೊರಗೆ ಕಳಿಸುತ್ತಿದ್ದಳು. ಭಾವ ಸ್ಕೂಟರಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ತೊಗರ್ಸಿ ಕಡೆ ಹೋಗಿ, ಯಾವುದಾದರೂ ಖಾಲಿ ಹೊಲದ ಬದುವಿನ ಮೇಲೆ ನಿಂತು ಊದತೊಡಗಿದರು. ಮನುಷ್ಯರಿಲ್ಲದ ಕಡೆ ಯಾರಿಗೆ ತೊಂದರೆ ಅಂತ ನಾವೆಲ್ಲ ನೆಮ್ಮದಿಯಾಗಿದ್ದೆವು. ಕುರಿಗಳನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ!

ಒಂದು ಭಾನುವಾರ ಕಂಬಳಿ ಹೊದ್ದ ಗಟ್ಟಿಮುಟ್ಟಾದ ಮನುಷ್ಯನೊಬ್ಬ ಮನೆ ಬಾಗಿಲಿಗೆ ಬಂದು ನಿಂತ. ಹೆಸರು ಬೀರಪ್ಪ. ಕುರಿ ಸಾಕುವವನು.

"ಏನ್ರೀ ಸಾಹೇಬ್ರ, ನಿಮ್ಮ ಊದಾಟಕ್ಕ ನನ್ನ ಕುರಿ ದಿಕ್ಕಾಪಾಲಾಗ್ಯಾವ! ನೀವು ಆ ಕಡೆ ಊದಿದ್ರಿ ಅಂದ್ರ ಅವು ಆ ಕಡೆ ಹೊಂಟವು. ಅಷ್ಟರಾಗ ನೀವು ಈ ಕಡೆ ತಿರುಗಿದ್ರಿ. ಅವೂ ತಿರುಗಿದ್ವು. ಮುಂದಿನವು ಹಿಂದಿನವಕ್ಕ ಡಿಕ್ಕಿ ಹೊಡದು… ಏನು ಹೇಳಲಿ!"

"ತಿರುಗಿದವೇ?" ಭಾವ ಕುರ್ಚಿಯಿಂದ ಎದ್ದೇಬಿಟ್ಟರು. "ನಾನು ಸ್ವರ ಬದಲಾಯಿಸಿದಾಗಲೇ ತಿರುಗಿದವೇ? ಅಯ್ಯೋ, ಮುಂಬಯಿಯಲ್ಲೇ ಯಾರೂ ತಿರುಗಿರಲಿಲ್ಲ ಕಣಪ್ಪ!"

ಜಗಳಕ್ಕೆ ಬಂದವನಿಗೆ ಕಾಫಿ ಸಿಕ್ಕಿತು. ಕಾಫಿ ಕುಡಿದವನ ಕೈಗೆ ಸ್ಯಾಕ್ಸೋಫೋನ್ ಸಿಕ್ಕಿತು. ಅವನು ಕೆನ್ನೆ ಉಬ್ಬಿಸಿ ಊದಿದ ಅಬ್ಬರಕ್ಕೆ ಅಡಿಗೆಮನೆಯಲ್ಲಿ ಅಕ್ಕನ ಕೈಯಿಂದ ಸೌಟು ಬಿತ್ತು. ಮರುವಾರದಿಂದ ಬೀರಪ್ಪ ಗೊಬ್ಬರದಂಗಡಿಯ ಮಹಡಿಯಲ್ಲಿ ವಿದ್ಯಾರ್ಥಿ. ಭಾವ ತಮ್ಮ ಹಳೆಯ ವಾದ್ಯವನ್ನು ಅವನಿಗೇ ಕೊಟ್ಟರು. ಇಷ್ಟು ವರ್ಷವಾದರೂ ಬೀರಪ್ಪನಿಗೆ ಒಂದು ಸಾಲು ನೆಟ್ಟಗೆ ಬಂದಿಲ್ಲ. ಆದರೆ ಒಂದು ತರಗತಿಯನ್ನೂ ತಪ್ಪಿಸಿಲ್ಲ. "ನಿಂಗೆ ಇದು ತಿಳಿಯುತ್ತೇನೋ?" ಅಂತ ಒಮ್ಮೆ ಅವನನ್ನೇ ಕೇಳಿದೆ. ಆಚೀಚೆ ನೋಡಿ ಮೆಲ್ಲಗೆ ಹೇಳಿದ, "ಇಲ್ರೀ ಅಕ್ಕಾರ. ಆದ್ರ ಮೇಷ್ಟ್ರಿಗೆ ಹೇಳಬ್ಯಾಡ್ರಿ, ಅವರು ನಂಗ ತಿಳಿದೈತಿ ಅಂದ್ಕೊಂಡಾರ."

ಸೊರಬದಲ್ಲಿ ಒಂದು ಸಲ ರಾಜ್ಯೋತ್ಸವಕ್ಕೆ ಭಾವನ ವಾದನ ಇಟ್ಟಿದ್ದರು. ಊರಿನ ಹುಡುಗ ಅನ್ನುವ ಅಭಿಮಾನ. ಭಾವ ನುಡಿಸಿ ನುಡಿಸಿ ಒಂದು ಕಡೆ ನಿಲ್ಲಿಸಿದರು. ಮುಗಿಯಿತು ಅಂತ ಸಭೆಯ ಅಧ್ಯಕ್ಷರು ಎದ್ದು ಮೈಕಿನ ಮುಂದೆ ಬಂದು, "ಇಷ್ಟು ಹೊತ್ತು ಸುಶ್ರಾವ್ಯವಾಗಿ" ಅಂದರು. ಭಾವ ಅಲ್ಲಿಂದಲೇ ಎತ್ತಿಕೊಂಡರು. ಅಧ್ಯಕ್ಷರು ಕೂತರು. ಮತ್ತೆ ನಿಂತಿತು. ಅಧ್ಯಕ್ಷರು ಅರ್ಧ ಎದ್ದು, ಭಾವನ ಮುಖ ನೋಡಿ, ಅರ್ಧದಲ್ಲೇ ನಿಂತರು. ಆ ಅರ್ಧ ಎದ್ದ ಭಂಗಿಯಲ್ಲೇ ಅವರು ಉಳಿದ ಕಾರ್ಯಕ್ರಮವನ್ನೆಲ್ಲ ಕೇಳಿದರು. ಆ ವಿಡಿಯೋ ಇನ್ನೂ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ತಿರುಗುತ್ತಿದೆ. ಭಾವನಿಗಿಂತ ಅಧ್ಯಕ್ಷರಿಗೇ ಹೆಚ್ಚು ಲೈಕು.

ಹೀಗೆ ಎಲ್ಲವೂ ಗೊಂದಲದಲ್ಲಿ ಸುಸೂತ್ರವಾಗಿ ನಡೆಯುತ್ತಿರುವಾಗ ಕಳೆದ ವರ್ಷ ಒಂದು ಗುರುವಾರ ಸೊರಬದ ಬಸ್ಸು ಎಮ್ಮೆಯೊಂದಕ್ಕೆ ದಾರಿ ಬಿಡಲು ಗಕ್ಕನೆ ನಿಂತಿತು. ಭಾವ ನಿಂತಿದ್ದರು. ಒಂದು ಕೈಯಲ್ಲಿ ಪೆಟ್ಟಿಗೆ. ಪೆಟ್ಟಿಗೆ ಬೀಳಬಾರದು ಅಂತ ಇನ್ನೊಂದು ಕೈಯನ್ನೂ ಅದಕ್ಕೇ ಕೊಟ್ಟರು. ಸೀಟಿನ ಹಿಂದಿನ ಕಬ್ಬಿಣದ ಹಿಡಿಕೆ ನೇರ ಬಾಯಿಗೆ ಬಡಿಯಿತು. ಪೆಟ್ಟಿಗೆಗೆ ಏನೂ ಆಗಲಿಲ್ಲ. ಮೇಲಿನ ಮುಂಬಲ್ಲುಗಳು ಹೋದವು, ತುಟಿ ಸೀಳಿತು.

ಸ್ಯಾಕ್ಸೋಫೋನನ್ನು ಬಾಯಲ್ಲಿ ಹಿಡಿಯುವುದೇ ಮೇಲಿನ ಮುಂಬಲ್ಲಿನ ಆಧಾರದಲ್ಲಿ ಅನ್ನುವುದು ನನಗೆ ಆಗಲೇ ಗೊತ್ತಾಗಿದ್ದು. ಶಿವಮೊಗ್ಗದ ದಂತವೈದ್ಯರು ಹುಣ್ಣು ಮಾಯುವವರೆಗೆ ಕಾಯಿಸಿ ಹೊಸ ಹಲ್ಲು ಕೂರಿಸಿದರು. "ಕಬ್ಬು ಸಿಗಿಯೋದು ಬಿಟ್ಟು ಏನು ಬೇಕಾದ್ರೂ ತಿನ್ನಿ" ಅಂದರು. "ಊದಬಹುದಾ ಡಾಕ್ಟ್ರೇ?" ಅಂತ ಭಾವ ಕೇಳಿದರು. ಡಾಕ್ಟರು, "ಏನನ್ನ?" ಅಂದರು. ಭಾವ ಯಾವತ್ತೂ ಆ ಪ್ರಶ್ನೆಗೆ ಉತ್ತರ ಹುಡುಕಲು ಹೋದವರಲ್ಲ. ಅವತ್ತು ಮಾತ್ರ ತಲೆ ತಗ್ಗಿಸಿ, "ಏನಿಲ್ಲ" ಅಂದರು.

ಮನೆಗೆ ಬಂದು ಊದಿ ನೋಡಿದರು. ಬರೀ ಗಾಳಿ ಬಂತು. ಮತ್ತೆ ಊದಿದರು. ಸೈಕಲ್ಲಿನ ಟ್ಯೂಬಿನಿಂದ ಬರುವಂಥ ಸದ್ದು. ಕೆಲವು ದಿನ ಹೀಗೇ ನಡೆಯಿತು. ಒಂದು ಬೆಳಿಗ್ಗೆ ವಾದ್ಯವನ್ನು ಒರೆಸಿ, ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದರು. ಗೊಬ್ಬರದಂಗಡಿಯವನಿಗೆ ಕೋಣೆ ಬಿಟ್ಟುಕೊಟ್ಟರು.

ಆಮೇಲೆ ಆಯಿತು ನೋಡಿ ನಿಜವಾದ ಗಾಬರಿ: ಭಾವ ಸರಿಯಾಗಿಬಿಟ್ಟರು!

ಬೆಳಿಗ್ಗೆ ಎದ್ದು ಪತ್ರಿಕೆ ಓದುತ್ತಾರೆ. ಸಂತೆಗೆ ಹೋಗಿ ಬದನೆಕಾಯಿ ಆರಿಸಿ ತರುತ್ತಾರೆ. ಬಿಸಿಲು ಜಾಸ್ತಿಯಾಯಿತು ಅನ್ನುತ್ತಾರೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. "ಊಟ ಆಯ್ತಾ ಭಾವ?" ಅಂದರೆ, "ಆಯ್ತಮ್ಮ, ನಿಂದು?" ಅನ್ನುತ್ತಾರೆ! ಹಿಂದೆಲ್ಲ ಈ ಪ್ರಶ್ನೆಗೆ ಅವರು "ಯಾವುದು?" ಅನ್ನುತ್ತಿದ್ದರು. ಇಂಥ ಭಾವ ಬೇಕು ಅಂತ ನಾವು ಹುಚ್ಚರಾಯನಿಗೆ ಹರಕೆ ಹೊತ್ತದ್ದುಂಟು. ಸಿಕ್ಕ ಮೇಲೆ ಇವರೊಂದಿಗೆ ಏನು ಮಾತಾಡಬೇಕು ಅಂತಲೇ ತಿಳಿಯಲಿಲ್ಲ. ಅಕ್ಕನ ಪಕ್ಕದ ಮನೆಯಾಕೆ, ಆ ಸದ್ದಿಗೆ ಸದಾ ಕಿಟಕಿ ಹಾಕಿಕೊಳ್ಳುತ್ತಿದ್ದಾಕೆ, ಬಂದು ನನ್ನನ್ನು ಕೇಳಿದರು: "ನಿಮ್ಮ ಭಾವ ಊರಲ್ಲಿಲ್ವೇನ್ರೀ?"

ಇನ್ನು ಅಕ್ಕ. ನಿವೃತ್ತಿಯ ನಂತರವೂ ಮನೆಪಾಠದ ಮಕ್ಕಳ ಪೇಪರು ತಿದ್ದುವವಳು, ಈಗ ಒಂದೊಂದು ಪೇಪರನ್ನು ಮುಂದೆ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ನನ್ನ ಮನೆಗೆ ಬಂದು, "ಸ್ಕೂಟಿ ತೆಗಿ" ಅಂದಳು.

"ಎಲ್ಲಿಗೆ?"

"ತೊಗರ್ಸಿ ಕಡೆ. ಬೀರಪ್ಪನ ಹಟ್ಟಿ ಎಲ್ಲಿದೆ ಗೊತ್ತಾ?"

ನನಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದೆ ಗಾಡಿ ಓಡಿಸುವುದು ಆ ಮನೆಯವರ ಸಹವಾಸದಿಂದ ನನಗೆ ಅಭ್ಯಾಸವಾಗಿದೆ. ಬೀರಪ್ಪ ಹೊಲದಲ್ಲಿ ಕುರಿ ತರುಬಿಕೊಂಡು ಕೂತಿದ್ದ. ನಮ್ಮನ್ನು ಕಂಡು ಗಾಬರಿಯಿಂದ ಎದ್ದ.

"ಮೇಷ್ಟ್ರಿಗೆ ಏನಾರ…?"

"ಏನೂ ಆಗಿಲ್ಲ. ಅದೇ ಕಷ್ಟ" ಅಂದಳು ಅಕ್ಕ. "ನೀನು ನಾಳೆಯಿಂದ ದಿನಾ ಸಂಜೆ ನಮ್ಮ ಹಜಾರಕ್ಕೆ ಬಂದು ಅಭ್ಯಾಸ ಮಾಡಬೇಕು."

"ಅವ್ವಾರ, ನಂಗ ನೆಟ್ಟಗ ಬರಾಂಗಿಲ್ಲ. ನಿಮಗ ಗೊತ್ತೈತಿ."

"ಗೊತ್ತಿರೋದಕ್ಕೇ ನಿನ್ನ ಹತ್ರ ಬಂದೆ. ಆ ಕಾಲೇಜಿನ ಹುಡುಗಿಯರು ಚೆನ್ನಾಗಿ ನುಡಿಸ್ತಾರೆ, ಅವರನ್ನ ಕರೆದ್ರೆ ಇವರು ಕೇಳಿ ತಲೆ ಆಡಿಸಿ ಮಲಗಿಬಿಡ್ತಾರೆ. ನೀನು ನುಡಿಸಿದ್ರೆ ಯಾರಿಗೆ ತಾನೇ ತಡ್ಕೊಂಡು ಕೂರೋಕೆ ಆಗುತ್ತೆ?"

ಇಷ್ಟು ಹೊಗಳಿಕೆಯನ್ನು ಬೀರಪ್ಪ ಜನ್ಮದಲ್ಲಿ ಕೇಳಿರಲಿಲ್ಲ. ಕಣ್ಣು ಒರೆಸಿಕೊಂಡು ಒಪ್ಪಿದ.

ಬಂದ. ಊದಿದ. ಅಬ್ಬಬ್ಬಾ! ಮೊದಲ ಸಂಜೆ ಭಾವ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತರು. ಮಾರನೆಯ ಸಂಜೆ ಪತ್ರಿಕೆ ತಲೆಕೆಳಗಾಗಿತ್ತು. ಬೀರಪ್ಪ ಬಿಡಲಿಲ್ಲ, ಒಂದೇ ಸಾಲನ್ನು ಪ್ರತಿ ಸಲವೂ ಹೊಸದಾಗಿ ಕೆಡಿಸಿದ. ಮುಂದಿನ ಸಂಜೆ ನಾನೂ ಅಲ್ಲಿದ್ದೆ. ಅಕ್ಕ ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಬೀರಪ್ಪ ಅದೇ ತಿರುವಿಗೆ ಬಂದು, ಅದೇ ಹಳ್ಳಕ್ಕೆ ಬಿದ್ದ.

"ಹಾಗಲ್ಲ!" ಪತ್ರಿಕೆ ನೆಲಕ್ಕೆ ಬಿತ್ತು. ಭಾವ ಎದ್ದು ನಿಂತು ಬಾಯಲ್ಲೇ ಹಾಡಿ ತೋರಿಸಿದರು. ಹೊಸ ಹಲ್ಲಿನ ಸಂದಿನಿಂದ ಅರ್ಧ ಸ್ವರ ಸೋರಿಹೋಯಿತು. ಬೀರಪ್ಪ ಮತ್ತೆ ಕೆಡಿಸಿದ. "ಹಾಗಲ್ಲ ಮಾರಾಯ, ಇಲ್ಲಿ ಕೊಡು ಇಲ್ಲಿ!" ಅಂತ ಅವನ ಕೈಯಿಂದ ಕಿತ್ತುಕೊಂಡರು. ಬಾಯಿಗಿಟ್ಟರು. ಗಾಳಿ ಬಂತು. ಬೀರಪ್ಪ ನೆಲ ನೋಡಿದ, ನಾನು ಗೋಡೆ ನೋಡಿದೆ. ಭಾವ ತುಟಿಯನ್ನು ಒಳಕ್ಕೆ ಮಡಚಿ, ಹಲ್ಲು ತಾಗಿಸದೆ, ಬರೀ ತುಟಿಯಲ್ಲೇ ಹಿಡಿದು ಮತ್ತೆ ಊದಿದರು. ಬರೀ ಗಾಳಿ. ಮತ್ತೊಮ್ಮೆ ಹಿಡಿದರು. ಕತ್ತಿನ ನರ ಉಬ್ಬಿತು, ಸೀಳಿದ್ದ ತುಟಿಯ ಗಾಯದ ಗುರುತು ಬೆಳ್ಳಗಾಯಿತು. ಆಗ ಕೆಳಗೆಲ್ಲಿಂದಲೋ ಒಂದು ಸ್ವರ ಎದ್ದಿತು. ಒಂದೇ. ಒಡೆದ, ಒರಟು, ನಡುಗುವ ಸ್ವರ. ಅವರ ಹಳೆಯ ಹೊಳಪು ಅದರಲ್ಲಿ ಒಂದಿಷ್ಟೂ ಇರಲಿಲ್ಲ. ಭಾವ ತಮ್ಮ ಸದ್ದನ್ನು ತಾವೇ ಗುರುತಿಸದವರ ಹಾಗೆ ನಿಲ್ಲಿಸಿ, ತಪ್ಪು ಮಾಡಿದ ಹುಡುಗನಂತೆ ನಮ್ಮ ಮುಖ ನೋಡಿದರು.

ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಅಕ್ಕ ಬಾಗಿಲಿಗೆ ಬಂದಳು.

"ಏನ್ರೀ, ಕರೆದ್ರಾ?"

ಭಾವ ಹೌದು ಅಂತ ತಲೆಯಾಡಿಸಿದರು.

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಅವರ ಎದುರಿಗೆ ಕೂತಳು. "ಹೇಳಿ" ಅಂದಳು.